ಮನೆಯ ಜಾಲಕ್ಕೊಂದು ಕಡಂಗ

ಕೊಡಗಿನ ಕಾಡು ತೋಟಗಳಲ್ಲಿ ತಿರುಗಾಡಿದವರು ಕಡಂಗಗಳನ್ನು ನೋಡಿಯೇ ಇರುತ್ತಾರೆ. ನೆಲವನ್ನು ಆಳವಾಗಿ ಅಗೆದು, ತೆಗೆದ ಮಣ್ಣನ್ನು ಒಂದು ಮಗ್ಗುಲಿಗೆ ಏರಿಯಂತೆ ಒಟ್ಟಿದ ಪುರಾತನ ಕಂದಕಗಳಿವು. ನಾಡುಗಳ ಎಲ್ಲೆಯನ್ನು ಗುರುತಿಸುವುದೂ ಶತ್ರುಗಳನ್ನು ತಡೆಯುವುದೂ ಇವುಗಳ ಉದ್ದೇಶವಾಗಿತ್ತು. ಅರಸರ ಕಾಲದಲ್ಲಿ ಆಯಕಟ್ಟಿನ ಹಾದಿಗಳಲ್ಲಿ ಉಕ್ಕಡಗಳಿದ್ದವು. ಬಂದವರನ್ನು ವಿಚಾರಿಸಿ ಒಳಗೆ ಬಿಡುವುದು ಅಲ್ಲಿನ ಕಾವಲುಗಾರರ ಕೆಲಸ. ಕಡಂಗ ಮತ್ತು ಉಕ್ಕಡ ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಗಣಕಜಾಲದ ‘ಫೈರ್‌ವಾಲ್’ ಎಂಬ ಏರ್ಪಾಡನ್ನು ಅರಿಯುವುದು ಕಷ್ಟವಲ್ಲ. ಒಂದು ಕಟ್ಟಡದ ಬೆಂಕಿ ಮತ್ತೊಂದಕ್ಕೆ ಹಬ್ಬದಂತೆ ಕಟ್ಟುವ ಗೋಡೆಯಿಂದ ಅದಕ್ಕೆ ಆ ಹೆಸರು ಬಂದಿತು.

ಮಡಿಕೇರಿಯ ಸಮೀಪದಲ್ಲಿ ಒಂದು ಹೋಂಸ್ಟೇ ಇದೆಯೆಂದು ಭಾವಿಸೋಣ. ಕಚೇರಿಯ ಕೋಣೆಯಲ್ಲಿ ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ, ಅತಿಥಿಗಳ ಗುರುತಿನ ಚೀಟಿಗಳ ಪ್ರತಿ ಇವೆಲ್ಲ ಇರುವ ಕಂಪ್ಯೂಟರ್ ಇದೆ. ಅಂಗಳದಲ್ಲಿ ಎರಡು ಕಾವಲು ಕ್ಯಾಮೆರಾಗಳಿವೆ. ಬಂದ ಅತಿಥಿಗಳೆಲ್ಲರಿಗೂ ವೈಫೈ ಬೇಕು. ಇವೆಲ್ಲವೂ ಗೋಡೆಗೆ ತಗುಲಿಸಿದ ಒಂದೇ ರೂಟರಿನ ಮೂಲಕ ಹೊರಜಗತ್ತನ್ನು ಸೇರುತ್ತವೆ. ಇಂತಹ ಮನೆಗೆ ಎಂತಹ ಕಾವಲು ಬೇಕು?

ಮೊದಲು ಮಾಹಿತಿಯ ಸಂಚಾರವನ್ನು ಗಮನಿಸೋಣ. ಜಾಲದಲ್ಲಿ ಮಾಹಿತಿಯು ‘ಪ್ಯಾಕೆಟ್’ ಎಂಬ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಒಂದೊಂದರ ಗಾತ್ರ ಸಾಮಾನ್ಯವಾಗಿ 1500 ಬೈಟುಗಳನ್ನು ಮೀರದು. ಪ್ರತಿಯೊಂದರ ಮೇಲೂ ಕಳಿಸಿದವರ ಮತ್ತು ಪಡೆಯುವವರ ಐಪಿ ವಿಳಾಸವಿರುತ್ತದೆ. ಜೊತೆಗೆ ‘ಪೋರ್ಟ್’ ಸಂಖ್ಯೆಗಳೂ ಇರುತ್ತವೆ. ವಿಳಾಸವು ಮನೆಯನ್ನು ತೋರಿಸಿದರೆ, ಪೋರ್ಟ್ ಆ ಮನೆಯ ಇಂತಹುದೇ ಬಾಗಿಲನ್ನು ತೋರಿಸುತ್ತದೆ. ಈ ಸಂಖ್ಯೆಗಳು 65,535ರವರೆಗೂ ಉಂಟು. ಸುರಕ್ಷಿತ ಜಾಲತಾಣಗಳ ಬಾಗಿಲು ಸಾಮಾನ್ಯವಾಗಿ 443.

ಹಳೆಯ ಕ್ರಮದ ಐಪಿ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 430 ಕೋಟಿ. ಜಗತ್ತಿನ ಯಂತ್ರಗಳಿಗೆಲ್ಲ ಇದು ಸಾಲದು. ಆದುದರಿಂದ ಮನೆ ಕಚೇರಿಗಳ ಒಳಬಳಕೆಗೆಂದು ಕೆಲವು ವಿಳಾಸಗಳನ್ನು ಪ್ರತ್ಯೇಕಿಸಿ ಇಡಲಾಗಿದೆ, 192.168 ಎಂದು ಆರಂಭವಾಗುವವು ಈ ಜಾತಿಯವು. ಹೊರಗಿನವರಿಗೆ ಕಾಣುವುದು ರೂಟರಿನ ಒಂದೇ ವಿಳಾಸ. ಪೊಟ್ಟಣವು ಹೊರಗೆ ಹೋಗುವಾಗ ರೂಟರು ಒಳವಿಳಾಸವನ್ನು ತೆಗೆದು ತನ್ನದನ್ನು ಬರೆಯುತ್ತದೆ. ಉತ್ತರ ಬಂದಾಗ ತಕ್ಕ ಯಂತ್ರಕ್ಕೆ ಮುಟ್ಟಿಸುತ್ತದೆ. ಇದರಿಂದ ಮನೆಗೆ ಸ್ವಲ್ಪ ಮರೆ ದೊರೆಯುವುದು ನಿಜ. ಆದರೆ ಮರೆಯೇ ಕಾವಲೆಂದು ತಿಳಿಯಬಾರದು.

ಕಾವಲಿನ ಕೆಲಸ ಫೈರ್‌ವಾಲಿನದು. ಅದು ಕೇಳುವ ಮುಖ್ಯ ಪ್ರಶ್ನೆ ಒಂದೇ: ಮಾತನ್ನು ಮೊದಲು ಆರಂಭಿಸಿದವರು ಯಾರು? ಒಳಗಿನ ಕಂಪ್ಯೂಟರ್ ಬ್ಯಾಂಕಿನ ತಾಣವನ್ನು ಕರೆದರೆ ಫೈರ್‌ವಾಲು ಆ ಸಂಗತಿಯನ್ನು ತನ್ನ ಪಟ್ಟಿಯಲ್ಲಿ ಗುರುತುಮಾಡಿಕೊಳ್ಳುತ್ತದೆ. ಬ್ಯಾಂಕಿನಿಂದ ಬಂದ ಉತ್ತರ ಪಟ್ಟಿಗೆ ಹೊಂದುವುದರಿಂದ ಒಳಗೆ ಬರುತ್ತದೆ. ಯಾರೂ ಕರೆಯದೆ ತಾನಾಗಿ ಬಂದ ಪೊಟ್ಟಣವು ಬಾಗಿಲಲ್ಲಿಯೇ ಉಳಿಯುತ್ತದೆ. ‘ಅನುಮತಿ ಇಲ್ಲದುದೆಲ್ಲವೂ ನಿಷಿದ್ಧ’ ಎಂಬುದೇ ಉತ್ತಮ ಉಕ್ಕಡದ ನಿಯಮ.

ನಿಯಮ ಸಡಿಲವಾದರೆ ಏನಾಗುವುದೆಂಬುದಕ್ಕೆ 2016ರ ಘಟನೆಯೊಂದು ಸಾಕ್ಷಿ. ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಹೊರಗಿನಿಂದ ಮುಟ್ಟಬಹುದಾದ ಕ್ಯಾಮೆರಾ, ರೂಟರುಗಳನ್ನು ಹುಡುಕಿ, ಕಾರ್ಖಾನೆಯಲ್ಲಿ ಕೊಟ್ಟ ಗುಪ್ತಪದಗಳನ್ನೇ ಪ್ರಯೋಗಿಸಿ ಅವನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಈ ಯಂತ್ರಗಳ ಸೈನ್ಯವು ಅಮೆರಿಕದ ‘ಡೈನ್’ ಸಂಸ್ಥೆಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಅನೇಕರಿಗೆ ಹಲವು ಗಂಟೆಗಳ ಕಾಲ ಸಿಗದೆ ಹೋದವು. ಕ್ಯಾಮೆರಾದ ಒಡೆಯರಲ್ಲಿ ಎಷ್ಟೋ ಜನರಿಗೆ ತಮ್ಮ ಮನೆಯ ಯಂತ್ರವೇ ದಾಳಿಯಲ್ಲಿ ಸೇರಿದ್ದ ಸುಳಿವೂ ಇರಲಿಲ್ಲ. ದೂರದಿಂದ ಕ್ಯಾಮೆರಾವನ್ನು ನೋಡಬೇಕೆಂಬ ಆಸೆಯಿಂದ ರೂಟರಿನಲ್ಲಿ ಬಾಗಿಲನ್ನು ತೆರೆದಿಡುವವರು ಇದನ್ನು ನೆನೆಯಬೇಕು.

ಆದರೆ ಹೊರಗಿನ ಉಕ್ಕಡವೊಂದೇ ಸಾಲದು. ಅತಿಥಿಯ ಮೊಬೈಲಿನಲ್ಲಿಯೇ ದುಷ್ಟ ತಂತ್ರಾಂಶವಿದ್ದರೆ ಅದು ವೈಫೈ ಸೇರಿದ ಕ್ಷಣವೇ ಕಾವಲನ್ನು ದಾಟಿ ಒಳಗಿರುತ್ತದೆ. ಒಂದೇ ಜಾಲದೊಳಗಿನ ಎರಡು ಯಂತ್ರಗಳ ಮಾತುಕತೆ ಸಾಮಾನ್ಯವಾಗಿ ಹೊರಬಾಗಿಲಿನ ಫೈರ್‌ವಾಲಿನ ಕಣ್ಣಿಗೆ ಬೀಳುವುದೇ ಇಲ್ಲ. ಕೊಡಗಿನ ಹಿರಿಯರು ಕಡಂಗಗಳನ್ನು ಹೊರಗಡಿಯಲ್ಲಿ ಮಾತ್ರ ತೋಡಲಿಲ್ಲ. ಒಳಗಿನ ನಾಡು ನಾಡುಗಳ ನಡುವೆಯೂ ತೋಡಿದರು. ನಾವೂ ಹಾಗೆಯೇ ಮಾಡಬೇಕು. ಕಚೇರಿಗೆ ಒಂದು, ಅತಿಥಿಗಳಿಗೆ ಒಂದು, ಕ್ಯಾಮೆರಾಗಳಿಗೆ ಒಂದು ಎಂದು ಜಾಲವನ್ನು ಭಾಗಮಾಡಿ, ಒಂದರಿಂದ ಮತ್ತೊಂದಕ್ಕೆ ಹೋಗುವ ದಾರಿಯನ್ನು ಮುಚ್ಚಬೇಕು. ಈಗಿನ ಅನೇಕ ರೂಟರುಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವಿರುವುದರಿಂದ ಅತಿಥಿಗಳನ್ನು ಬೇರ್ಪಡಿಸಲು ಹೆಚ್ಚಿನ ಖರ್ಚು ಬೇಕಾಗದು.

ಫೈರ್‌ವಾಲಿಗೂ ಮಿತಿಯುಂಟು. ಮೋಸದ ಪತ್ರವನ್ನು ನಂಬಿ ನಾವೇ ಬ್ಯಾಂಕಿನ ಗುಪ್ತಪದವನ್ನು ಬರೆದುಕೊಟ್ಟರೆ ಅದು ತಡೆಯಲಾರದು. ಮಾತನ್ನು ಆರಂಭಿಸಿದವರು ನಾವೇ ಅಲ್ಲವೆ? ರೂಟರಿನ ಗುಪ್ತಪದವನ್ನು ಬದಲಿಸುವುದೂ ಅದರ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದೂ ನಮ್ಮ ಹೊಣೆ.

ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಮೊಬೈಲನ್ನು ಅತಿಥಿಗಳ ವೈಫೈಗೆ ಸೇರಿಸಿ, ಮನೆಯ ಜಾಲದಲ್ಲಿರುವ ಪ್ರಿಂಟರಿನ ಅಥವಾ ಕ್ಯಾಮೆರಾದ ಒಳವಿಳಾಸವನ್ನು ಬ್ರೌಸರಿನಲ್ಲಿ ಬರೆಯಿರಿ. ಅದರ ಪುಟ ತೆರೆದರೆ, ಆ ಮನೆಯೊಳಗೆ ಕಡಂಗವನ್ನು ಇನ್ನೂ ತೋಡಿಲ್ಲವೆಂದೇ ಅರ್ಥ.