ಒಂದೇ ಅಚ್ಚಿನ 60 ಯಂತ್ರಗಳನ್ನು ಎಲ್ಲಿಡುವುದು?

ಪ್ರಶ್ನೆ: ಒಂದು ವರ್ಚುವಲ್ ಮಷೀನ್‌ನಿಂದ 60 ಕ್ಲೋನ್ ಮಾಡಿದರೆ ಎಲ್ಲವನ್ನೂ ಒಂದೇ ಸ್ಟೋರೇಜ್‌ನಲ್ಲಿ ಇಡಬಹುದೇ?
– ಓದುಗರೊಬ್ಬರು, ನಾಯಕನಹಟ್ಟಿ

ಉತ್ತರ: ಇಡಬಹುದು, ಆದರೆ ಇಡದಿರುವುದೇ ಲೇಸು. ನಿಮ್ಮೂರಿಗೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ; ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಅಂಥದೊಂದು ತರಗತಿಯಲ್ಲಿ ಬೆಳಿಗ್ಗೆ 9ಕ್ಕೆ 60 ಮಂದಿ ತಲಾ ಒಂದು ಕ್ಲೋನ್‌ಗೆ ಒಟ್ಟಿಗೆ ಲಾಗಿನ್ ಆದರು ಎಂದುಕೊಳ್ಳಿ. ಹಗುರ ಕ್ಲೋನ್‌ಗಳು ಮೂಲ ಪ್ರತಿಯ ದತ್ತಾಂಶವನ್ನೇ ಹಂಚಿಕೊಂಡು ಓದುತ್ತವೆ. ತಮ್ಮ ಬದಲಾವಣೆಗಳನ್ನಷ್ಟೇ ಬೇರೆಯಾಗಿ ಬರೆದುಕೊಳ್ಳುತ್ತವೆ. ಹಾಗಾಗಿ ಜಾಗ ಉಳಿಯುತ್ತದೆ, ಆದರೆ ಓದುವ ಹೊರೆಯೆಲ್ಲ ಒಂದೇ ಸ್ಟೋರೇಜ್ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ನಿಮ್ಮ ಸ್ಟೋರೇಜ್ ಕ್ಲಸ್ಟರ್‌ನಲ್ಲಿ ಇಂಥ ನಾಲ್ಕು ಪೆಟ್ಟಿಗೆಗಳಿದ್ದರೆ ಮೊದಲು ಮೂಲದ ಪೂರ್ಣ ಪ್ರತಿಯನ್ನು ನಾಲ್ಕರಲ್ಲೂ ಒಂದೊಂದು ಇಡಿ. ಆಮೇಲೆ ಅಲ್ಲಲ್ಲೇ ಹದಿನೈದರಂತೆ ಹಗುರ ಕ್ಲೋನ್ ಮಾಡಿ. ಹೀಗೆ ಮಾಡಿದರೆ ಪೆಟ್ಟಿಗೆಗಳ ನಡುವಿನ ನೆಟ್‌ವರ್ಕ್‌ಗೂ ಹೊರೆ ತಗ್ಗುತ್ತದೆ. ಕೆಲಸ ಒಂದೇ ಬಗೆಯದಲ್ಲದಿದ್ದರೆ ಎಣಿಕೆ ನೋಡದೆ ಹೊರೆ ನೋಡಿ ಹಂಚಿ. ಕ್ಲೋನ್‌ಗಳು ದಿನಕಳೆದಂತೆ ಬೆಳೆಯುತ್ತವೆ, ಖಾಲಿ ಜಾಗ ಬಿಡಿ. ಕ್ಲೋನ್‌ನಿಂದ ಮತ್ತೆ ಕ್ಲೋನ್ ಎಂದು ಸರಪಳಿ ಬೆಳೆಸಬೇಡಿ. ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ಐಪಿ ವಿಳಾಸ ಕೊಡುವುದನ್ನು ಮರೆಯಬೇಡಿ.