ಟ್ಯೂಬ್ ಏರಿಸೋ ಮುಂಚೆ ಹಾಲು ನೋಡಿ: ಕಾಣದ ಕೆಚ್ಚಲು ಬಾವು ಹಿಡಿಯೋದು ಹೀಗೆ

ಕೆಚ್ಚಲು ಊದಿದೆ, ಮುಟ್ಟಿದ್ರೆ ಬಿಸಿ, ಹಾಲಲ್ಲಿ ಗಂಟು ಬರ್ತಿದೆ ಅಂದ್ರೆ ಅದು ಕೆಚ್ಚಲು ಬಾವು ಅಂತ ಯಾರು ಬೇಕಾದ್ರೂ ಹೇಳ್ತಾರೆ. ನಮ್ಮ ಜೇಬಿಗೆ ಹೆಚ್ಚು ಕತ್ತರಿ ಹಾಕೋದು ಕಣ್ಣಿಗೆ ಕಾಣದ ಬಾವು. ಹಸು ಚೆನ್ನಾಗೇ ಮೇವು ತಿನ್ನುತ್ತೆ, ಹಾಲೂ ಬೆಳ್ಳಗೇ ಇರುತ್ತೆ. ಆದ್ರೆ ಹಾಲು ಇಳೀತಾ ಬರುತ್ತೆ, ಡೇರಿಯಲ್ಲಿ ಎಸ್‌ಎನ್‌ಎಫ್ ಕಮ್ಮಿ ತೋರಿಸುತ್ತೆ. ನಾವು ಮಾತ್ರ ಹಿಂಡಿ ಬದಲಾಯಿಸ್ತಾ ಕೂತಿರ್ತೀವಿ.

ಇದು ಅಪರೂಪದ ಕಾಯಿಲೆಯೇನಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆಯ ವಿಜ್ಞಾನಿಗಳು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಒಂದು ಲೆಕ್ಕ ಕೊಟ್ಟರು. ಭಾರತದಲ್ಲಿ ಕಾಣುವ ಬಾವು ಶೇ 18ರಷ್ಟು, ಕಾಣದ ಬಾವು ಶೇ 45ರಷ್ಟು!

ಇದನ್ನು ಹಿಡಿಯೋಕೆ ಸಿಎಂಟಿ ಅನ್ನೋ ಪರೀಕ್ಷೆ ಇದೆ. ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ, ಒಂದು ಬಾಟಲಿ ದ್ರಾವಣ, ಇಷ್ಟೇ. ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ಬಿಟ್ಟು, ಒಂದೊಂದು ಮೊಲೆಯ ಹಾಲನ್ನೂ ಒಂದೊಂದು ಬಟ್ಟಲಿಗೆ ಸ್ವಲ್ಪ ಹಿಂಡಿ. ಅಷ್ಟೇ ಪ್ರಮಾಣದ ದ್ರಾವಣ ಹಾಕಿ ಹತ್ತು ಸೆಕೆಂಡು ತಿರುಗಿಸಿ. ನೀರಿನಂತೆ ಹರಿದ್ರೆ ಸರಿ, ಲೋಳೆಯಾದ್ರೆ ಆ ಮೊಲೆಯಲ್ಲಿ ಬಾವು ಇದೆ ಅಂತ. ಸೋಂಕು ಬಂದಾಗ ಹಾಲಿಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ದ್ರಾವಣ ಅವನ್ನು ಒಡೆದಾಗ ಹೊರಬರುವ ಡಿಎನ್‌ಎಯಿಂದಲೇ ಆ ಲೋಳೆ. ಕಿಟ್ ಸಿಗದಿದ್ರೆ ಒಂದು ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿದ ನೀರೂ ಆಗುತ್ತೆ. ಕರು ಹಾಕಿದ ಮೊದಲ ವಾರ ಈ ಪರೀಕ್ಷೆ ಬೇಡ, ಗಿಣ್ಣು ಹಾಲಲ್ಲಿ ಸುಮ್ಮನೆ ಲೋಳೆ ಕಾಣುತ್ತೆ. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿ.

ಲೋಳೆ ಬಂತು ಅಂತ ತಕ್ಷಣ ಮೆಡಿಕಲ್ ಶಾಪಿಗೆ ಓಡಿ ಟ್ಯೂಬ್ ತರಬೇಡಿ. ಹೊರದೇಶಗಳ ಡೇರಿಗಳಲ್ಲಿ ಈಚಿನ ವರ್ಷಗಳಲ್ಲಿ ನಡೆದ ಸಂಶೋಧನೆಗಳು ತೋರಿಸಿದ್ದು ಇದನ್ನೇ: ಬಾವು ಸೌಮ್ಯವಾಗಿದ್ದಾಗ ಒಂದು ದಿನ ಕಾದು, ಹಾಲನ್ನು ಕಲ್ಚರ್ ಮಾಡಿಸಿ, ಯಾವ ರೋಗಾಣು ಅಂತ ತಿಳಿದು ಔಷಧ ಕೊಟ್ಟರೂ ಹಸು ಅಷ್ಟೇ ಚೆನ್ನಾಗಿ ಗುಣವಾಗುತ್ತೆ. ಇ. ಕೊಲೈ ತರಹದ ರೋಗಾಣುವಿನ ಸೌಮ್ಯ ಬಾವು ಎಷ್ಟೋ ಸಲ ಆ್ಯಂಟಿಬಯೋಟಿಕ್ ಇಲ್ಲದೆಯೇ ಇಳಿಯುತ್ತೆ. ಸ್ಟ್ಯಾಫ್ ಆರಿಯಸ್ ಆದ್ರೆ ಹಠಮಾರಿ, ಟ್ಯೂಬ್ ಮೇಲೆ ಟ್ಯೂಬ್ ಏರಿಸಿದ್ರೂ ಮತ್ತೆ ಮರುಕಳಿಸುತ್ತೆ. ಎರಡಕ್ಕೂ ಒಂದೇ ಟ್ಯೂಬ್ ಅಂದ್ರೆ ದುಡ್ಡು ದಂಡ. ಯುರೋಪಿಯನ್ ಒಕ್ಕೂಟವಂತೂ ಹಾಲು ಬತ್ತಿಸುವಾಗ ಎಲ್ಲ ಹಸುಗಳಿಗೂ ರೂಢಿಯಂತೆ ಆ್ಯಂಟಿಬಯೋಟಿಕ್ ಟ್ಯೂಬ್ ಹಾಕೋದನ್ನು 2022ರ ಜನವರಿಯಿಂದ ನಿಲ್ಲಿಸಿದೆ.

ನಮ್ಮಲ್ಲಿ ವರದಿ ಒಂದೇ ದಿನಕ್ಕೆ ಕೈಗೆ ಬರೋದು ಕಷ್ಟ, ಅದೂ ನಿಜ. ಆದ್ರೂ ಬಾವು ಮರುಕಳಿಸುವ ಹಸುಗಾದ್ರೂ ಕಲ್ಚರ್ ಮಾಡಿಸಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಆ್ಯಂಟಿಬಯೋಟಿಕ್ ಕೊಡೋ ಮುಂಚೆಯೇ ಸ್ಯಾಂಪಲ್ ತೆಗೀರಿ. ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆ ಬಿಟ್ಟು, ವೈದ್ಯರು ಕೊಟ್ಟ ಶುದ್ಧ ಬಾಟಲಿಗೆ ಹಿಂಡಿ, ಐಸ್‌ನಲ್ಲಿಟ್ಟು ತಲುಪಿಸಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಎಲ್ಲಿಗೆ ಕಳಿಸಬೇಕು ಅಂತ ನಿಮ್ಮ ಪಶುವೈದ್ಯರನ್ನೇ ಕೇಳಿ.

ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚೋ ಮದ್ದನ್ನು ಎನ್‌ಡಿಡಿಬಿ ಕೂಡ ಪ್ರಚಾರ ಮಾಡ್ತಿದೆ. ಶುರುವಿನ ಬಾವಿಗೆ ಹಚ್ಚಿ ನೋಡಬಹುದು. ಆದ್ರೆ ಜ್ವರ ಬಂದು ಹಸು ಮೇವು ಬಿಟ್ಟರೆ, ಹಾಲು ನೀರಾದ್ರೆ ಅಥವಾ ರಕ್ತ ಬೆರೆತರೆ ಮನೆಮದ್ದೂ ಬೇಡ, ವರದಿಗೆ ಕಾಯೋದೂ ಬೇಡ. ತಕ್ಷಣ 1962ಕ್ಕೆ ಕರೆ ಮಾಡಿ, ಇಲ್ಲವೇ ವೈದ್ಯರನ್ನು ಕರೆಸಿ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಬಾಯಿಬಿಟ್ಟು ಕೇಳಿ, ಫೋನಿನಲ್ಲಿ ರಿಮೈಂಡರ್ ಇಟ್ಕೊಳ್ಳಿ. ಅಲ್ಲಿಯವರೆಗೂ ಆ ಹಸುವಿನ ಹಾಲನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ.