ಬೆಕ್ಕಿಗೆ ಡ್ರೈ ಫುಡ್ಡೋ, ವೆಟ್ ಫುಡ್ಡೋ? ಮಳೆಗಾಲಕ್ಕೆ ಮೊದಲು ಕರಾವಳಿ ಮನೆಗಳು ತಿಳಿದಿರಬೇಕಾದ ಲೆಕ್ಕ

ಹೊನ್ನಾವರ ತಾಲೂಕಿನ ಅಪ್ಸರಕೊಂಡ, ಕಾಸರಕೋಡ ಕಡೆ ಬೆಕ್ಕು ಬರೀ ಮುದ್ದಿನ ಪ್ರಾಣಿ ಅಲ್ಲ, ಮನೆ ಕೆಲಸದ ಪ್ರಾಣಿಯೂ ಹೌದು. ಅಡಿಕೆ ಚೀಲ, ಭತ್ತದ ಕಣಜ, ತೆಂಗಿನಕಾಯಿ ಅಟ್ಟ, ಬಲೆ ಇಡುವ ಕೊಟ್ಟಿಗೆ, ಎಲ್ಲ ಕಡೆ ಇಲಿ ಕಾಟ ಇದ್ದದ್ದೇ. ಇಲಿ ಜ್ವರದ ಭಯ ಬೇರೆ. ಆದರೆ ಈ ಬೆಕ್ಕಿಗೆ ನಾವು ಹಾಕುವ ಊಟ ಏನು? ಕಡಲ ಬದಿಯ ಮನೆಗಳಲ್ಲಿ ಅನ್ನದ ಜೊತೆ ಮೀನಿನ ತಲೆ, ಬಾಲ. ತೋಟದ ಮನೆಗಳಲ್ಲಿ ಹಾಲು ಅನ್ನ, ಇಲ್ಲವೇ ಮಜ್ಜಿಗೆ ಅನ್ನ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಮೀನು ಕಡಿಮೆ, ಇದ್ದರೂ ದುಬಾರಿ. ಬೆಕ್ಕಿನ ತಟ್ಟೆಯಲ್ಲಿ ಅನ್ನ ಮಾತ್ರ ಉಳಿಯುತ್ತದೆ. ಇದೇ ಹೊತ್ತಿಗೆ ಅನೇಕರು ಪೇಟೆಯಿಂದ ಡ್ರೈ ಫುಡ್ ಚೀಲ ತರಲು ಶುರು ಮಾಡುತ್ತಾರೆ. ತರುವುದು ಒಳ್ಳೆಯದೇ. ಆದರೆ ಯಾವುದು, ಎಷ್ಟು, ಹೇಗೆ ಅಂತ ಗೊತ್ತಿಲ್ಲದಿದ್ದರೆ ದುಡ್ಡೂ ಹೋಗ್ತದೆ, ಗಂಡು ಬೆಕ್ಕಾದರೆ ಜೀವಕ್ಕೂ ಅಪಾಯ ಬರಬಹುದು.

ಅನ್ನ ಯಾಕೆ ಸಾಲದು?

ನಾಯಿ ಅನ್ನ, ರೊಟ್ಟಿ ತಿಂದು ಹೇಗೋ ಬದುಕುತ್ತದೆ. ಬೆಕ್ಕಿನ ದೇಹ ಹಾಗಲ್ಲ, ಅದು ಪೂರ್ತಿ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕು ತನ್ನ ದೇಹದಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನಿನಿಂದಲೇ ಸಿಗಬೇಕು. ಕ್ಯಾರೆಟ್, ಸೊಪ್ಪಿನಲ್ಲಿರುವ ಅಂಶದಿಂದ ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ.

ಟಾರಿನ್ ಕೊರತೆ ತಕ್ಷಣ ಕಾಣುವುದಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆದರೆ ಕಣ್ಣಿನ ಒಳಪರದೆ ಹಾಳಾಗಿ ಕುರುಡಾಗಬಹುದು, ಹೃದಯ ದುರ್ಬಲವಾಗಬಹುದು. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ಬೆಕ್ಕಿನ ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದವು. ಮನೆಯಲ್ಲಿ ನಾಯಿ ಇದೆ ಅಂತ ನಾಯಿಯ ಡ್ರೈ ಫುಡ್ಡನ್ನೇ ಬೆಕ್ಕಿಗೂ ಹಾಕಬೇಡಿ. ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್, ಪ್ರೋಟೀನ್ ಇರುವುದಿಲ್ಲ.

"ಹೊಟ್ಟೆ ತುಂಬಿಸಿದರೆ ಇಲಿ ಹಿಡಿಯೋದಿಲ್ಲ" ಅನ್ನುವ ಮಾತಿದೆ. ಬೆಕ್ಕು ಹಸಿವಿಗಷ್ಟೇ ಬೇಟೆ ಆಡುವುದಿಲ್ಲ, ಅದು ಅದರ ಹುಟ್ಟುಗುಣ. ಊಟ ಸಿಗುವ ಬೆಕ್ಕು ಮನೆ ಸುತ್ತಮುತ್ತಲೇ ಇರುತ್ತದೆ, ಅಲ್ಲೇ ಬೇಟೆ ಆಡುತ್ತದೆ.

ಮುಖ್ಯ ವ್ಯತ್ಯಾಸ ನೀರಿನದು

ಡ್ರೈ ಫುಡ್‌ನಲ್ಲಿ ಸುಮಾರು 10% ನೀರು. ಪೌಚ್ ಅಥವಾ ಡಬ್ಬಿಯಲ್ಲಿ ಬರುವ ವೆಟ್ ಫುಡ್‌ನಲ್ಲಿ 75ರಿಂದ 85%. ಇಲಿಯ ದೇಹದಲ್ಲೂ ಸುಮಾರು 70% ನೀರೇ.

ಬೆಕ್ಕಿನ ಮೂಲ ಒಣ ಪ್ರದೇಶದ ಕಾಡುಬೆಕ್ಕು. ಬೇಟೆಯಿಂದಲೇ ನೀರು ಪಡೆದ ಜಾತಿ ಆದ್ದರಿಂದ ಅದಕ್ಕೆ ಬಾಯಾರಿಕೆ ಕಡಿಮೆ. ಮೂರೂವರೆ ಕಿಲೋ ತೂಕದ ಬೆಕ್ಕಿನ ಲೆಕ್ಕ ನೋಡಿ. ಅದಕ್ಕೆ ದಿನಕ್ಕೆ ಸುಮಾರು 200 ಕ್ಯಾಲರಿ, ಸುಮಾರು 175 ಮಿ.ಲೀ. ನೀರು ಬೇಕು.

- ಡ್ರೈ ಫುಡ್ ಮಾತ್ರ: 50ರಿಂದ 55 ಗ್ರಾಂ ಸಾಕು. ಅದರಿಂದ ಸಿಗುವ ನೀರು 5 ಮಿ.ಲೀ. ಉಳಿದ 170 ಮಿ.ಲೀ. ಬಟ್ಟಲಿನಿಂದ ಕುಡಿಯಬೇಕು.
- ವೆಟ್ ಫುಡ್ ಮಾತ್ರ: 80 ಗ್ರಾಂನ ಸುಮಾರು ಮೂರು ಪೌಚ್. ನೀರು 190 ಮಿ.ಲೀ. ಅದರಲ್ಲೇ ಬಂತು.
- ಎರಡೂ ಸೇರಿಸಿ: 35 ಗ್ರಾಂ ಡ್ರೈ, ಒಂದು ಪೌಚ್ ವೆಟ್. ಆಹಾರದಿಂದಲೇ 65ರಿಂದ 70 ಮಿ.ಲೀ. ನೀರು. ಉಳಿದದ್ದು ಕುಡಿಯುವುದು ಬೆಕ್ಕಿಗೆ ಅಷ್ಟು ಕಷ್ಟವಲ್ಲ.

ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಹರಳು ಕಟ್ಟಬಹುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ, ಬೇಗ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೊರಗೆ ಹೋಗದೆ ಮೂಲೆಯಲ್ಲೇ ಮಲಗಿ ಡ್ರೈ ಫುಡ್ ಮಾತ್ರ ತಿನ್ನುವ, ಮೈ ಬಂದ ಗಂಡು ಬೆಕ್ಕಿನ ಮೇಲೆ ವಿಶೇಷ ಗಮನ ಇರಲಿ. ಪದೇ ಪದೇ ಕುಕ್ಕರಗಾಲಲ್ಲಿ ಕೂತು ಮುಕ್ಕಿದರೂ ಮೂತ್ರ ಬಾರದಿದ್ದರೆ, ನೋವಿನಿಂದ ಕೂಗಿದರೆ, ಅದನ್ನು ಮಲಬದ್ಧತೆ ಅಂತ ತಿಳಿದು ಮನೆಮದ್ದು ಮಾಡುತ್ತಾ ಕೂರಬೇಡಿ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಅದೇ ದಿನ ಪಶುವೈದ್ಯರ ಹತ್ತಿರ ಒಯ್ಯಿರಿ.

ಚೀಲದ ಹಿಂಭಾಗ ಓದುವುದು ಹೇಗೆ?

ಮುಂಭಾಗದ ಚಿತ್ರ ನೋಡಿ ಕೊಳ್ಳಬೇಡಿ. ಹಿಂದೆ ಮೂರು ವಿಷಯ ಹುಡುಕಿ.

1. ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್ ಎಂಬ ಬರಹ. ಇದಿದ್ದರೆ ಅದೊಂದನ್ನೇ ಊಟವಾಗಿ ಕೊಡಬಹುದು. ಕಾಂಪ್ಲಿಮೆಂಟರಿ ಅಥವಾ ಟ್ರೀಟ್ ಅಂತ ಇದ್ದರೆ ಅದು ತಿಂಡಿ ಮಾತ್ರ. ನೆಕ್ಕಿಸುವ ಕ್ರೀಮ್ ಟ್ಯೂಬುಗಳು ಹೆಚ್ಚಾಗಿ ಈ ಜಾತಿ. ಕೆಲವು ಪೌಚ್‌ಗಳೂ ಹೀಗೇ ಇರುತ್ತವೆ.

2. ಯಾವ ವಯಸ್ಸಿಗೆ ಎಂಬುದು. ಕಿಟನ್ ಅಂದರೆ ಮರಿ, ಅಡಲ್ಟ್ ಅಂದರೆ ದೊಡ್ಡದು.

3. ಪ್ರೋಟೀನ್ ಮತ್ತು ತೇವಾಂಶ. ಇಲ್ಲಿ ಹೆಚ್ಚಿನವರು ಮೋಸ ಹೋಗ್ತಾರೆ. ಡ್ರೈ ಚೀಲದಲ್ಲಿ 32% ಪ್ರೋಟೀನ್, ಪೌಚ್‌ನಲ್ಲಿ 10% ಅಂತ ಇದ್ದರೆ ಪೌಚ್ ಕಳಪೆ ಅನಿಸುತ್ತದೆ. ನೀರು ಕಳೆದು ನೋಡಿ. ಡ್ರೈ 100 ಗ್ರಾಂನಲ್ಲಿ ನೀರು 10 ಹೋದರೆ 90 ಉಳಿಯಿತು. 32ನ್ನು 90ರಿಂದ ಭಾಗಿಸಿದರೆ ಸುಮಾರು 36%. ಪೌಚ್‌ನಲ್ಲಿ ನೀರು 80 ಹೋದರೆ 20 ಉಳಿಯಿತು. 10ನ್ನು 20ರಿಂದ ಭಾಗಿಸಿದರೆ 50%. ಹಸಿ ಅಡಿಕೆ, ಒಣ ಅಡಿಕೆ ತೂಕ ಹೋಲಿಸುವ ಲೆಕ್ಕವೇ ಇದು. ಅಮೆರಿಕದ ಮಾನದಂಡದಂತೆ ನೀರು ಕಳೆದ ಲೆಕ್ಕದಲ್ಲಿ ದೊಡ್ಡ ಬೆಕ್ಕಿಗೆ ಕನಿಷ್ಠ 26%, ಮರಿಗೆ ಕನಿಷ್ಠ 30% ಪ್ರೋಟೀನ್ ಇರಬೇಕು.

ಬೆಲೆಯನ್ನೂ ಚೀಲದ ಲೆಕ್ಕದಲ್ಲಿ ನೋಡದೆ ದಿನದ ಲೆಕ್ಕದಲ್ಲಿ ನೋಡಿ. 1.2 ಕಿಲೋ ಚೀಲ ದಿನಕ್ಕೆ 50 ಗ್ರಾಂನಂತೆ 24 ದಿನ, 35 ಗ್ರಾಂನಂತೆ 34 ದಿನ ಬರುತ್ತದೆ. ಪೌಚ್ ದಿನವೂ ಕೈಗೆಟುಕದಿದ್ದರೆ ಡ್ರೈ ಫುಡ್‌ಗೆ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ನೆನೆಸಿ ಕೊಡಿ. ಅರ್ಧ ಕೆಲಸ ಅದರಲ್ಲೇ ಆಗ್ತದೆ.

ಮೀನು ಬೇಡವೇ ಬೇಡವಾ?

ಬೇಕು, ಆದರೆ ಅದೊಂದೇ ಊಟ ಆಗಬಾರದು. ಕೆಲವು ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ1 ನಾಶ ಮಾಡುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ತಾರ್ಲೆಯಂಥ ಎಣ್ಣೆ ಮೀನನ್ನೇ ದಿನವೂ ಹಾಕಿದರೆ ವಿಟಮಿನ್ ಇ ಕೊರತೆಯಾಗಿ ಮೈಕೊಬ್ಬು ಉರಿಯೂತಕ್ಕೆ ಒಳಗಾಗುವುದುಂಟು. ಮುಳ್ಳು ತೆಗೆದು, ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಒಂದೆರಡು ಚಮಚ ಡ್ರೈ ಫುಡ್ ಮೇಲೆ ಹಾಕಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಟಾರಿನ್ ಆ ನೀರಿಗೆ ಇಳಿದಿರುತ್ತದೆ, ಬೆಕ್ಕು ನೀರು ಕುಡಿದಂತೆಯೂ ಆಗ್ತದೆ. ಉಪ್ಪು ಹಾಕಿದ ಒಣ ಮೀನು ಮಾತ್ರ ಬೇಡ. ಸಾರಿನಲ್ಲಿ ಅದ್ದಿದ ಅನ್ನವೂ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ.

ಸಸ್ಯಾಹಾರಿ ಮನೆಯವರಿಗೆ ಮೀನು ಬೇಯಿಸುವುದು ಆಗದ ಮಾತು. ಅವರಿಗೆ ಕಂಪ್ಲೀಟ್ ಡ್ರೈ ಫುಡ್ ನೆನೆಸಿ ಕೊಡುವುದೇ ಸುಲಭದ ದಾರಿ.

ಮರಿಗಳಿಗೆ

- 4 ವಾರದವರೆಗೆ ತಾಯಿ ಹಾಲು. ತಾಯಿ ಇಲ್ಲದಿದ್ದರೆ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ. ದನದ ಹಾಲು ಭೇದಿ ತರಿಸುತ್ತದೆ. ಭೇದಿಯಾದ ಸಣ್ಣ ಮರಿ ಒಂದೇ ದಿನದಲ್ಲಿ ಸೋತು ಹೋಗಬಹುದು.
- 4 ವಾರದಿಂದ ಕಿಟನ್ ವೆಟ್ ಫುಡ್, ಇಲ್ಲವೇ ನೆನೆಸಿ ಗಂಜಿಯಂತೆ ಕಿವುಚಿದ ಕಿಟನ್ ಡ್ರೈ ಫುಡ್. 8 ವಾರಕ್ಕೆ ಹಾಲು ಬಿಡಿಸಬಹುದು.
- 4 ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, 6 ತಿಂಗಳವರೆಗೆ ಮೂರು ಸಲ, ಮುಂದೆ ಎರಡು ಸಲ. ಒಂದು ವರ್ಷದವರೆಗೂ ಕಿಟನ್ ಆಹಾರವೇ ಇರಲಿ.
- ಗಬ್ಬದ ಮತ್ತು ಹಾಲೂಡಿಸುವ ತಾಯಿಗೂ ಕಿಟನ್ ಆಹಾರ ಒಳ್ಳೆಯದು.
- ಚಿಕ್ಕಂದಿನಲ್ಲೇ ಡ್ರೈ, ವೆಟ್ ಎರಡನ್ನೂ ರೂಢಿ ಮಾಡಿಸಿ. ದೊಡ್ಡದಾದ ಮೇಲೆ ಹೊಸ ಆಹಾರ ಒಪ್ಪಿಸುವುದು ಕಷ್ಟ.

ಮಳೆಗಾಲದಲ್ಲಿ ಕಾಪಾಡುವುದು

ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ. ಹಿಂಡಿಗೆ ಬೂಸ್ಟು ಬರುವಂತೆ ಡ್ರೈ ಫುಡ್‌ಗೂ ಬರ್ತದೆ, ಅದರಲ್ಲೂ ಅಫ್ಲಾಟಾಕ್ಸಿನ್ ವಿಷದ ಭಯ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಚೀಲ ತರಬೇಡಿ, ತಿಂಗಳೊಳಗೆ ಮುಗಿಯುವಷ್ಟೇ ತನ್ನಿ. ಬಿಡಿಯಾಗಿ ತೂಗಿ ಕೊಡುವುದನ್ನು ಕೊಳ್ಳಬೇಡಿ. ಚೀಲದ ಬಾಯಿ ಕಟ್ಟಿ, ಚೀಲ ಸಮೇತ ಸ್ಟೀಲ್ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ, ಕೋಳಿಗೂ ಹಾಕಬೇಡಿ.

ತೆರೆದ ಪೌಚ್ ಫ್ರಿಜ್‌ನಲ್ಲಿ ಒಂದು ದಿನ ಇರುತ್ತದೆ. ತಟ್ಟೆಯಲ್ಲಿಟ್ಟ ವೆಟ್ ಫುಡ್, ನೆನೆಸಿದ ಡ್ರೈ ಫುಡ್ ಒಂದು ಗಂಟೆಯ ಮೇಲೆ ಇಡಬೇಡಿ. ಇರುವೆ ಕಾಟಕ್ಕೆ ಊಟದ ಬಟ್ಟಲನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟರಾಯಿತು. ಕುಡಿಯುವ ನೀರು ಊಟದಿಂದ ದೂರ, ಎರಡು ಕಡೆ ಇರಲಿ. ತೋಟಕ್ಕೆ ಇಲಿ ಪಾಷಾಣ ಇಟ್ಟ ದಿನಗಳಲ್ಲಿ ಬೆಕ್ಕನ್ನು ಒಳಗೇ ಇರಿಸಿ, ವಿಷ ತಿಂದ ಇಲಿ ಬೆಕ್ಕಿಗೂ ವಿಷ.

ಬದಲಾವಣೆ ನಿಧಾನವಾಗಿ

ಅನ್ನದಿಂದ ಹೊಸ ಆಹಾರಕ್ಕೆ 7ರಿಂದ 10 ದಿನ ತೆಗೆದುಕೊಳ್ಳಿ. ಮೊದಲೆರಡು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಮುಕ್ಕಾಲು, ಪೂರ್ತಿ. "ಹಸಿದರೆ ತಾನೇ ತಿಂತದೆ" ಅಂತ ಉಪವಾಸ ಕೆಡವಬೇಡಿ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ. ಒಂದು ದಿನ ಪೂರ್ತಿ ಊಟ ಬಿಟ್ಟರೆ ವೈದ್ಯರನ್ನು ಕೇಳಿ.

ಬಂದರಿಗೆ ದೋಣಿ ಏರುವ ಮೊದಲೇ, ಅಂದರೆ ಮೇ ಮೂರನೇ ವಾರಕ್ಕೆ ಈ ಬದಲಾವಣೆ ಶುರು ಮಾಡಿದರೆ ಜೂನ್ ಹೊತ್ತಿಗೆ ಬೆಕ್ಕು ಒಗ್ಗಿಕೊಂಡಿರುತ್ತದೆ. ಈ ವಾರ ಒಂದು ಸಣ್ಣ ಚೀಲ ತನ್ನಿ, ಹಿಂಭಾಗ ಓದಿ, ನೆನೆಸಿ ಕೊಟ್ಟು ನೋಡಿ.